ಫೋಟೋದಲ್ಲಿದ್ದವಳು, ಎದುರಿಗೆ ಕೂತವಳು

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದಾಗ ಅವರಿಗೆ 63 ವರ್ಷ. ಮಕ್ಕಳು ದೂರದಲ್ಲಿದ್ದಾರೆ. ಹಿಂದೆ ಚರ್ಚಿನ ಗಾನವೃಂದವನ್ನು ನಡೆಸಿದವರು, ಈಗ ಕೊನೆಯ ಬೆಂಚಿನಲ್ಲಿ ಕೂತು ಆರಾಧನೆ ಮುಗಿಯುವ ಮೊದಲೇ ಎದ್ದು ಹೋಗುತ್ತಾರೆ. "ಆಗಿನ ಹಾಡೇ ಬೇರೆ, ಆಗಿನ ಜನರೇ ಬೇರೆ" ಅನ್ನುವುದೇ ಅವರ ಪಲ್ಲವಿ.

ಕರೆತಂದವರು ಹೆಂಡತಿ. ಸಂಜೆಯಾದರೆ ಗಂಡ ಹಳೆಯ ಆಲ್ಬಮ್ ಹಿಡಿದು ಕೂರುತ್ತಾರಂತೆ. "ಆ ಫೋಟೋದಲ್ಲೂ ನಾನಿದ್ದೇನೆ, ಇಲ್ಲೂ ನಾನಿದ್ದೇನೆ. ಇವರು ಫೋಟೋದವಳನ್ನೇ ನೋಡ್ತಾರೆ" ಅಂದರು ಆಕೆ.

ಮೊದಲು ಅವರ ನಿದ್ದೆ, ಊಟ, ಬದುಕುವ ಆಸೆಯ ಬಗ್ಗೆ ವಿಚಾರಿಸಿದೆ. ಅವು ಕೆಟ್ಟಿದ್ದರೆ ವೈದ್ಯರ ಬಳಿ ಕಳಿಸಬೇಕು. ಖಿನ್ನತೆಗೆ ಒಳಗಾದವರನ್ನು 'ನಿಮಗೆ ಕೃತಜ್ಞತೆ ಸಾಲದು' ಎಂದು ಬೈದು ಕಳಿಸುವವರನ್ನು ಕಂಡರೆ ನನಗೆ ಸಿಟ್ಟು. ಇವರಿಗೆ ಆ ತೊಂದರೆ ಇರಲಿಲ್ಲ.

"ನಿಮ್ಮ ಬಾಳಿನ ಒಳ್ಳೆಯ ವರ್ಷ ಯಾವುದು?" ಎಂದು ಕೇಳಿದೆ. "1994" ಅಂದರು, ಥಟ್ಟನೆ. ಪ್ರಾರ್ಥನೆಗಳನ್ನು ಡೈರಿಯಲ್ಲಿ ಬರೆದಿಡುವ ಅಭ್ಯಾಸ ಅವರಿಗಿತ್ತು. ಆ ವರ್ಷದ್ದನ್ನೇ ತನ್ನಿ ಅಂದೆ.

ಮುಂದಿನ ವಾರ ಓದತೊಡಗಿದರು. ತೀರದ ಸಾಲ. ಮಗುವಿಗೆ ಬಿಡದ ಜ್ವರ. ಗಾನವೃಂದದಲ್ಲಿ ಜಗಳ. ಒಂದು ಪುಟಕ್ಕೆ ಬಂದವರು ನಿಂತರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು: "ಕರ್ತನೇ, ಮದುವೆಗೆ ಮುಂಚಿನ ದಿನಗಳೇ ಚೆನ್ನಾಗಿದ್ದವು." ಹೆಂಡತಿ ಜೋರಾಗಿ ನಕ್ಕುಬಿಟ್ಟರು. ಅವರಿಗೆ ನಗು ಬರಲು ಸ್ವಲ್ಪ ಹೊತ್ತು ಬೇಕಾಯಿತು.

ಬೈಬಲಿನ ಅರಣ್ಯಕಾಂಡ 11ನೇ ಅಧ್ಯಾಯದಲ್ಲಿ, ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದ ಇಸ್ರಾಯೇಲ್ಯರು ಮಾಡಿದ್ದೂ ಇದನ್ನೇ. ಈಜಿಪ್ಟಿನ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ಎಲ್ಲ ನೆನಪಿಗೆ ಬಂತು. ಪುಕ್ಕಟೆಯಾಗಿ ಸಿಗುತ್ತಿತ್ತಂತೆ! ಬೆನ್ನಿನ ಮೇಲಿನ ಚಾಟಿ ಮಾತ್ರ ಮರೆತುಹೋಗಿತ್ತು. ನೆನಪು ಬೇಡದ್ದನ್ನೆಲ್ಲ ಸೋಸಿಬಿಡುತ್ತದೆ. ಈ ದಿನವನ್ನು ಸೋಸಿಕೊಡುವವರು ಯಾರೂ ಇಲ್ಲ. ಆ ಎರಡನ್ನು ಪಕ್ಕ ಪಕ್ಕ ಇಟ್ಟು ತೂಗಿದರೆ ಇವತ್ತು ಸೋಲಲೇಬೇಕು, ಅಲ್ವಾ?

ಹಾಗಂತ ಅವರ ದುಃಖವನ್ನು ನಾನು ತಳ್ಳಿಹಾಕಲಿಲ್ಲ. ಎಜ್ರನ ಪುಸ್ತಕದ 3ನೇ ಅಧ್ಯಾಯವನ್ನು ಒಟ್ಟಿಗೆ ಓದಿದೆವು. ಹೊಸ ದೇವಾಲಯಕ್ಕೆ ಅಸ್ತಿವಾರ ಹಾಕಿದಾಗ, ಹಳೆಯದನ್ನು ಕಂಡಿದ್ದ ಮುದುಕರು ಗೋಳಾಡಿ ಅತ್ತರು. ಉಳಿದವರು ಸಂತೋಷದಿಂದ ಆರ್ಭಟಿಸಿದರು. ಯಾವುದು ಅಳು, ಯಾವುದು ಹರ್ಷ ಅಂತ ಯಾರಿಗೂ ಬೇರೆ ಮಾಡಿ ಹೇಳಲಾಗಲಿಲ್ಲ. ಅತ್ತವರನ್ನು ಅಲ್ಲಿ ಯಾರೂ ಗದರಿಸುವುದಿಲ್ಲ. ಆದರೆ ಅವರು ಅತ್ತದ್ದು ಹೊಸ ಅಸ್ತಿವಾರದ ಎದುರಿಗೇ ನಿಂತು. "ನೀವು ಕೊನೆಯ ಬೆಂಚಿನಿಂದ ಎದ್ದು ಹೋಗ್ತೀರಿ" ಅಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

ಆಲ್ಬಮ್ ಬಿಡಿ ಅಂತ ನಾನು ಹೇಳಲಿಲ್ಲ. ಹಳೆಯ ಮಾತು ಬಂದಾಗ ಕೊನೆಗೆ "ಈಗೆಲ್ಲಿದೆ?" ಅನ್ನುವ ಬದಲು "ಆಗ ಕೊಟ್ಟ ದೇವರಿಗೆ ಸ್ತೋತ್ರ" ಅನ್ನಿ ಅಂದೆ. ಇನ್ನೊಂದು, ಮಲಗುವ ಮುಂಚೆ ಹೆಂಡತಿಯ ಎದುರಿಗೆ, ಬಾಯಿಬಿಟ್ಟು, ಅವತ್ತೇ ಸಿಕ್ಕಿದ ಒಂದು ವಿಷಯಕ್ಕೆ ಸ್ತೋತ್ರ ಹೇಳಬೇಕು. ನಿನ್ನೆಯದು ನಡೆಯುವುದಿಲ್ಲ. ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ದಿನದಿನಕ್ಕೆಂದು ಕೊಟ್ಟ ಆಹಾರವಾದ ಮನ್ನವನ್ನು ಬೆಳಗಿನವರೆಗೆ ಕೂಡಿಟ್ಟವರಿಗೆ ಹುಳ ಸಿಕ್ಕಿತು, ನೆನಪಿದೆಯಾ?

ಮೊದಲ ವಾರ ಏಳು ದಿನವೂ "ಹವಾ ಚೆನ್ನಾಗಿತ್ತು" ಅಂದರಂತೆ. ಕಾಟಾಚಾರ. ನಾನು ಬೇಸರಪಡಲಿಲ್ಲ, ಹೊಸ ಅಭ್ಯಾಸ ಶುರುವಾಗುವುದೇ ಹೀಗೆ. ಮೂರನೇ ವಾರ ಒಂದು ರಾತ್ರಿ, ಹೆಂಡತಿ ಪಾತ್ರೆ ತೊಳೆಯುತ್ತಾ ಗುನುಗುತ್ತಿದ್ದ ಹಾಡಿಗೆ ಸ್ತೋತ್ರ ಹೇಳಿದರು. "ಇಷ್ಟು ದಿನವೂ ಹಾಡ್ತಾನೇ ಇದ್ದೆ" ಅಂದರು ಆಕೆ, ನನ್ನ ಮುಂದೆ, ಸ್ವಲ್ಪ ಹುಸಿಕೋಪದಿಂದ.

ಈಗ ಆರಾಧನೆ ಮುಗಿಯುವವರೆಗೂ ಕೂರುತ್ತಾರೆ. ಹುಡುಗರ ಡ್ರಮ್ ಸದ್ದು ಮಾತ್ರ ಇಂದಿಗೂ ಆಗುವುದಿಲ್ಲ. ಎಲ್ಲದರಲ್ಲಿಯೂ ಕೃತಜ್ಞತೆ ಸಲ್ಲಿಸಿ ಅಂತ ಅಪೊಸ್ತಲ ಪೌಲ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲಿ ಹೇಳಿದ. ಎಲ್ಲದಕ್ಕೂ ಅಂತ ಅಲ್ಲಿ ಬರೆದಿಲ್ಲ. ಹಾಗಾಗಿ ಡ್ರಮ್ಮಿಗೆ ಸ್ತೋತ್ರ ಹೇಳಿ ಅಂತ ನಾನೂ ಕೇಳಿಲ್ಲ.