ಕೀಳರಿಮೆಯನ್ನು ಗುರುತಿಸುವುದು ಹೇಗೆ, ಅದರಿಂದ ಹೊರಬರುವುದು ಹೇಗೆ?

ಆಳಂದದಿಂದ ಕಲಬುರಗಿಗೆ ಪದವಿ ಓದಲು ಬಂದಿರುವ ನೀವು, ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ಬಿಡಲಾಗುತ್ತಿಲ್ಲ, ಇದು ಕೀಳರಿಮೆಯೇ ಎಂದು ಕೇಳಿದ್ದೀರಿ. ಬರೀ ಸಂಕೋಚವಾದರೆ ಪರಿಚಯ ಬೆಳೆದಂತೆ ಸಡಿಲವಾಗುತ್ತದೆ. ಕೀಳರಿಮೆಯುಳ್ಳ ಮನಸ್ಸು ಹಾಗಲ್ಲ. ಒಳ್ಳೆಯ ಅಂಕ ಬಂದರೆ ‘ಪ್ರಶ್ನೆಪತ್ರಿಕೆ ಸುಲಭವಿತ್ತು’ ಎನ್ನುತ್ತದೆ, ಕಡಿಮೆ ಬಂದರೆ ‘ನಾನೇ ದಡ್ಡ’ ಎಂದು ತೀರ್ಪು ಕೊಡುತ್ತದೆ.

ನಾನು ಕಂಡಂತೆ ಈ ಭಾಗದ ವಿದ್ಯಾರ್ಥಿಗಳನ್ನು ಹೆಚ್ಚು ಕುಗ್ಗಿಸುವುದು ಆಡುಮಾತಿನ ಬಗೆಗಿನ ಅಳುಕು. ‘ನನಗ ಬರ್ತದ ಸರ್’ ಎಂದದ್ದಕ್ಕೆ ಹಿಂದಿನ ಬೆಂಚಿನಿಂದ ಒಮ್ಮೆ ನಗು ಕೇಳಿಬಂದರೆ ಸಾಕು, ಮರುದಿನದಿಂದ ಆ ಹುಡುಗ ಉತ್ತರವನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಸುಮ್ಮನಾಗುತ್ತಾನೆ. ಸುಮ್ಮನಿದ್ದರೆ ಆ ಕ್ಷಣಕ್ಕೆ ನೆಮ್ಮದಿಯೇನೋ ಸಿಗುತ್ತದೆ, ಆದರೆ ಮಾತನಾಡಿದ್ದರೆ ಬಹುಶಃ ಯಾರೂ ನಗುತ್ತಿರಲಿಲ್ಲ ಎಂಬುದನ್ನು ತಿಳಿಯುವ ಅವಕಾಶವೇ ತಪ್ಪಿಹೋಗುವುದರಿಂದ ಭಯ ಗಟ್ಟಿಯಾಗುತ್ತಲೇ ಹೋಗುತ್ತದೆ.

ಯೋಚನೆಯನ್ನೂ ನಡವಳಿಕೆಯನ್ನೂ ಬದಲಿಸಿಕೊಳ್ಳಲು ಕಲಿಸುವ ಅರಿವಿನ ವರ್ತನಾ ಚಿಕಿತ್ಸೆ ಮುರಿಯಲು ನೋಡುವುದು ಈ ಸುತ್ತನ್ನೇ. ‘ಎಲ್ಲರೂ ನಗುತ್ತಾರೆ’ ಎಂಬ ಯೋಚನೆಯನ್ನು ಹಾಳೆಯಲ್ಲಿ ಬರೆದು, ವಾರಕ್ಕೊಂದು ಪ್ರಶ್ನೆಯನ್ನು ನಿಮ್ಮ ಮಾತಿನಲ್ಲೇ ಕೇಳಿ, ನಿಜವಾಗಿ ಎಷ್ಟು ಜನ ನಕ್ಕರೆಂದು ಕೆಳಗೆ ನಮೂದಿಸಿ. ಕನ್ನಡಿಯ ಮುಂದೆ ‘ನಾನು ಶ್ರೇಷ್ಠ’ ಎಂದು ಜಪಿಸುವುದನ್ನು ನಾನು ಸೂಚಿಸುವುದಿಲ್ಲ. ತಾನೇ ನಂಬದ ಹೊಗಳಿಕೆ ಮನಸ್ಸಿಗೆ ನಾಟುವುದಿಲ್ಲ.

ಎರಡು ವಾರ ಮೀರಿ ನಿದ್ದೆ, ಹಸಿವು ಕೆಟ್ಟು ಯಾವುದರಲ್ಲೂ ಆಸಕ್ತಿ ಇಲ್ಲವಾಗಿದ್ದರೆ ಅದು ಖಿನ್ನತೆಯಾಗಿರಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿರಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.