ಲಸಿಕೆ ಬೇಡವೆಂದರೆ ಶಾಲೆಯ ನರ್ಸ್ ಏನು ಮಾಡುತ್ತಾರೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಶಾಲೆಗಳು ತೆರೆಯುವ ಹೊತ್ತು. ಅಲ್ಲಿ ಲಸಿಕೆ ಇಲ್ಲದಿದ್ದರೆ ಮಗುವನ್ನು ಶಾಲೆಗೆ ಸೇರಿಸುವುದಿಲ್ಲ, ಹಾಗಾಗಿ ಈ ಸಲ ಬಂದ ಪತ್ರಗಳಲ್ಲಿ ಆ ನಿಯಮದಿಂದ ಬಿಡುಗಡೆ ಕೊಡುವ ಲಸಿಕೆ ವಿನಾಯಿತಿಯದ್ದೇ ದೊಡ್ಡ ಪಾಲು. ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದ್ದರಿಂದ ಬರೆದವರ ಊರನ್ನು ಹಾಗೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಮಗನಿಗೆ ಐದು ವರ್ಷ. ಹಾಸನದಿಂದ ಬಂದು ನಾಲ್ಕು ತಿಂಗಳಾಯಿತು. ತಾಯಿ ಕಾರ್ಡ್‌ನಲ್ಲಿ ಎಲ್ಲ ಚುಚ್ಚುಮದ್ದೂ ದಾಖಲಾಗಿವೆ. ಆದರೂ ಶಾಲೆಯ ನರ್ಸ್ "ಪೂರ್ತಿ ಆಗಿಲ್ಲ" ಅಂದರು. ಮತ್ತೆ ಚುಚ್ಚಿಸುವ ಬದಲು ವಿನಾಯಿತಿ ಪತ್ರ ತನ್ನಿ, ಅದೇ ಸುಲಭ ಅಂತ ಪರಿಚಯದವರು ಹೇಳುತ್ತಿದ್ದಾರೆ. ಹೌದೇ?
– ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಪರಿಚಯದವರ ಮಾತು ಹಳೆಯದು. 2014ರ ಡಿಸೆಂಬರಿನಲ್ಲಿ ಡಿಸ್ನಿಲ್ಯಾಂಡ್‌ನಿಂದ ದಡಾರ ಹರಡಿದ ಮೇಲೆ ಕ್ಯಾಲಿಫೋರ್ನಿಯಾ 2015ರಲ್ಲಿ ಎಸ್‌ಬಿ 277 ಕಾಯಿದೆ ತಂದಿತು. ಧರ್ಮ, ಸ್ವಂತ ನಂಬಿಕೆ ಎಂಬ ಕಾರಣಗಳ ವಿನಾಯಿತಿ 2016ಕ್ಕೆ ಮುಗಿಯಿತು. ಉಳಿದಿರುವುದು ವೈದ್ಯಕೀಯ ವಿನಾಯಿತಿ ಒಂದೇ. ಅದೂ 2021ರ ಜನವರಿ 1ರಿಂದ ರಾಜ್ಯದ 'ಕೇರ್-ಎಂಇ' ಜಾಲತಾಣದ ಮೂಲಕವೇ ಆಗಬೇಕು. ಪಾಲಕರು ಅಲ್ಲಿ ನೋಂದಾಯಿಸಿ ಅರ್ಜಿ ಸಂಖ್ಯೆ ಪಡೆದು ವೈದ್ಯರಿಗೆ ಕೊಡುತ್ತಾರೆ, ವೈದ್ಯರು ಕಾರಣ ತುಂಬಿ ನಮೂನೆ ಹೊರಡಿಸುತ್ತಾರೆ. ಲೆಟರ್‌ಹೆಡ್‌ನಲ್ಲಿ ಬರೆದು ತಂದ ಚೀಟಿಯನ್ನು ನರ್ಸ್ ಒಪ್ಪುವ ಹಾಗೇ ಇಲ್ಲ. ವರ್ಷಕ್ಕೆ ಐದು ಅಥವಾ ಹೆಚ್ಚು ವಿನಾಯಿತಿ ಬರೆದ ವೈದ್ಯರ ಕಾಗದಗಳು ರಾಜ್ಯದ ಪರಿಶೀಲನೆಗೆ ಹೋಗುತ್ತವೆ.

ನಿಮಗೆ ಬೇಕಿರುವುದು ವಿನಾಯಿತಿಯಲ್ಲ. ಕಾರ್ಡ್‌ನಲ್ಲಿ ಏನು ಲೆಕ್ಕಕ್ಕೆ ಬಂದಿಲ್ಲ ಎಂದು ಮೊದಲು ತಿಳಿಯಬೇಕು. ಊರಿನಿಂದ ಬಂದ ಮಕ್ಕಳಿಗೆ ತೊಡಕಾಗುವ ಜಾಗಗಳು ಹೆಚ್ಚುಕಡಿಮೆ ಇವೇ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ. ಅದರಲ್ಲಿ ಮಂಗನಬಾವಿನ ಅಂಶವಿಲ್ಲ, ಇಲ್ಲಿ ಅದಕ್ಕೆ ಎರಡು ಡೋಸ್ ಬೇಕು. ಒಂಬತ್ತು ತಿಂಗಳಿಗೆ ಹಾಕಿದ ಎಂಆರ್ ಡೋಸ್ ಕೂಡ ಲೆಕ್ಕಕ್ಕಿಲ್ಲ, ಏಕೆಂದರೆ ಇಲ್ಲಿಯ ಎಣಿಕೆ ಮೊದಲ ಹುಟ್ಟುಹಬ್ಬದಿಂದ ಶುರು. ಸೀತಾಳೆ ಸಿಡುಬಿನ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲೇ ಇಲ್ಲ, ಇಲ್ಲಿ ಎರಡು ಡೋಸ್ ಬೇಕು. ಬಾಯಿಗೆ ಹಾಕುವ ಪೋಲಿಯೊ ಹನಿ 2016ರ ಏಪ್ರಿಲ್ 1ರ ನಂತರದ್ದಾದರೆ ಅದನ್ನೂ ಎಣಿಸುವುದಿಲ್ಲ. ಮೂರು ಬಗೆಯ ವೈರಸ್‌ಗೂ ಸಲ್ಲುತ್ತಿದ್ದ ಹನಿಯನ್ನು ಆಗ ಜಗತ್ತಿನೆಲ್ಲೆಡೆ ಹಿಂತೆಗೆದು ಎರಡೇ ಬಗೆಯದ್ದನ್ನು ತಂದರು. ಹಾಗಾಗಿ ಚುಚ್ಚುಮದ್ದಿನ ಪೋಲಿಯೊ ಇನ್ನೆಷ್ಟು ಬೇಕು ಎಂಬುದನ್ನು ಮಕ್ಕಳ ವೈದ್ಯರಿಂದಲೇ ಬರೆಸಿಕೊಳ್ಳಿ. ಡಿಪಿಟಿ ಐದು ಡೋಸ್ ಆಗಿರಬೇಕು, ನಾಲ್ಕನೇ ಹುಟ್ಟುಹಬ್ಬದ ಮೇಲೆ ಒಂದಾದರೂ ಬಿದ್ದಿದ್ದರೆ ನಾಲ್ಕು ಸಾಕು. ನಮ್ಮಲ್ಲಿ ಐದು–ಆರು ವರ್ಷಕ್ಕೆ ಹಾಕುವ ಬೂಸ್ಟರ್ ಪ್ರಯಾಣದ ಗಡಿಬಿಡಿಯಲ್ಲಿ ತಪ್ಪಿರುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ಅರ್ಧ ತಲೆನೋವು ಇದರದ್ದೇ: ತಾರೀಖು. ಕಾರ್ಡ್‌ನ 05/09 ನಮಗೆ ಸೆಪ್ಟೆಂಬರ್ 5, ನರ್ಸ್‌ಗೆ ಮೇ 9. ಒಂದು ಹಾಳೆಯಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದು ಜೊತೆಗಿಡಿ. 'ಪೆಂಟಾ' ಎಂದಿರುವ ಕಡೆ ಅದರೊಳಗೆ ಡಿಪಿಟಿ, ಹೆಪಟೈಟಿಸ್-ಬಿ, ಹಿಬ್ ಮೂರೂ ಇವೆ ಎಂದು ಬರೆಯಿರಿ. ಇಲ್ಲದಿದ್ದರೆ ಹೆಪಟೈಟಿಸ್-ಬಿ ಕಾಲಂ ಖಾಲಿ ಎಂದು ಮತ್ತೆ ಮೂರು ಸಲ ಚುಚ್ಚಿಸಬೇಕಾದೀತು.

ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಂದೇ ಲಸಿಕೆ) ಮತ್ತು ಸೀತಾಳೆ ಸಿಡುಬಿನ ಲಸಿಕೆಯನ್ನು ಒಂದೇ ದಿನ ಹಾಕಿಸಿ. ಬೇರೆ ಬೇರೆ ದಿನವಾದರೆ ನಡುವೆ 28 ದಿನ ಬಿಡಲೇಬೇಕು, ಬಿಡದಿದ್ದರೆ ಎರಡನೆಯದು ವ್ಯರ್ಥ. ಮೊದಲ ಸುತ್ತು ಮುಗಿದು ಮುಂದಿನದಕ್ಕೆ ಇನ್ನೂ ದಿನವಿದ್ದರೆ ಶಾಲೆ ಷರತ್ತಿನ ಮೇಲೆ ಸೇರಿಸಿಕೊಳ್ಳುತ್ತದೆ. ಎಂಎಂಆರ್‌ನ ಎರಡನೆಯ ಡೋಸ್‌ಗೆ ನಾಲ್ಕು ವಾರ, ಸೀತಾಳೆ ಸಿಡುಬಿನದಕ್ಕೆ ಮೂರು ತಿಂಗಳು. ಗಡುವು ಮೀರಿದರೆ ಮಗುವನ್ನು ಮನೆಗೆ ಕಳಿಸುವುದು ಕಾನೂನು, ನರ್ಸ್‌ರ ಹಟವಲ್ಲ. ವಿಮೆ ಇನ್ನೂ ಆಗಿಲ್ಲದಿದ್ದರೆ 'ವ್ಯಾಕ್ಸೀನ್ಸ್ ಫಾರ್ ಚಿಲ್ಡ್ರನ್' ಯೋಜನೆಯಲ್ಲಿ 18 ವರ್ಷದವರೆಗೆ ಲಸಿಕೆ ಉಚಿತ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಎಂಎಂಆರ್‌ನಲ್ಲಿ ಹಂದಿಯ ಜಿಲೆಟಿನ್ ಇದೆ ಅಂತ ಓದಿದೆ. ಧರ್ಮದ ಕಾರಣ ಕೊಟ್ಟರೆ ನರ್ಸ್ ಒಪ್ಪುತ್ತಾರಾ? ಮಠದಿಂದ ಪತ್ರ ಬೇಕಾ?
– ಎಡಿಸನ್, ನ್ಯೂಜೆರ್ಸಿ

ಉತ್ತರ: ಓದಿದ್ದು ನಿಜ. ಮರ್ಕ್ ಕಂಪನಿಯ ಎಂಎಂಆರ್-2ರಲ್ಲಿ, ಸೀತಾಳೆ ಸಿಡುಬಿನ ವ್ಯಾರಿವ್ಯಾಕ್ಸ್‌ನಲ್ಲಿ ಜಿಲೆಟಿನ್ ಇದೆ. ಆದರೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜಿಎಸ್‌ಕೆಯ ಪ್ರಯೊರಿಕ್ಸ್ ಕೂಡ ದಡಾರ–ಮಂಗನಬಾವು–ರುಬೆಲ್ಲಾ ಲಸಿಕೆಯೇ, ಅದರಲ್ಲಿ ಜಿಲೆಟಿನ್ ಇಲ್ಲ. ಎಲ್ಲ ಕ್ಲಿನಿಕ್‌ನಲ್ಲೂ ಇಟ್ಟಿರುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಕೋಳಿಮರಿಯ ಭ್ರೂಣದ ಜೀವಕೋಶದಲ್ಲಿ ದಡಾರ, ಮಂಗನಬಾವಿನ ವೈರಸ್ ಬೆಳೆಸುವುದು ಎರಡಕ್ಕೂ ಸಮಾನ, ಅದನ್ನು ಮುಚ್ಚಿಡುವುದಿಲ್ಲ. ಸೀತಾಳೆ ಸಿಡುಬಿಗೆ ಅಮೆರಿಕದಲ್ಲಿ ಜಿಲೆಟಿನ್ ಇಲ್ಲದ ಲಸಿಕೆ ಸಿಗುವುದಿಲ್ಲ.

ಮಠದ ಪತ್ರ ಬೇಡ. ನ್ಯೂಜೆರ್ಸಿಯಲ್ಲಿ ಲಸಿಕೆ ನಿಮ್ಮ ಧಾರ್ಮಿಕ ಆಚರಣೆಗೆ ಹೇಗೆ ವಿರುದ್ಧ ಎಂದು ಪಾಲಕರೇ ಬರೆದು ಸಹಿ ಹಾಕಿಕೊಟ್ಟರೆ ಆಯಿತು. "ನನಗೆ ನಂಬಿಕೆಯಿಲ್ಲ", "ಇದು ನನ್ನ ಹಕ್ಕು" ಎಂದಷ್ಟೇ ಬರೆದದ್ದು ಧರ್ಮದ ಲೆಕ್ಕಕ್ಕೆ ಬಾರದು, ವಾಪಸು ಬರುತ್ತದೆ. ನೀವು ಎಷ್ಟು ಆಚಾರವಂತರು ಎಂದು ನರ್ಸ್ ಕೆದಕುವುದಿಲ್ಲ. ಆದರೆ ಕಾಗದ ಕೊಟ್ಟಲ್ಲಿಗೆ ಮುಗಿಯಲಿಲ್ಲ: ಶಾಲೆಯಲ್ಲಿ ರೋಗ ಕಾಣಿಸಿದ ದಿನ ಮೊದಲು ಹೊರಗುಳಿಯುವುದು ವಿನಾಯಿತಿ ಪಡೆದ ಮಗುವೇ. ಆಕ್ಷೇಪ ಜಿಲೆಟಿನ್ನಿಗೆ ಮಾತ್ರವಾದರೆ ಪ್ರಯೊರಿಕ್ಸ್ ಹಾಕಿಸಿ, ಡಿಪಿಟಿ–ಪೋಲಿಯೊಗಳನ್ನು ಪೂರ್ತಿ ಮಾಡಿ. ಎಲ್ಲದಕ್ಕೂ ಒಟ್ಟಿಗೇ 'ಬೇಡ' ಎಂದು ಬರೆಯುವುದರಲ್ಲಿ ನಮಗೆ ಅರ್ಥ ಕಾಣುತ್ತಿಲ್ಲ.

ಪ್ರಶ್ನೆ: ಡೆಟ್ರಾಯಿಟ್ ಹತ್ತಿರದ ಶಾಲೆಯೊಂದಕ್ಕೆ ನರ್ಸ್ ಆಗಿ ಹೊಸದಾಗಿ ಸೇರಿದ್ದೇನೆ. ವೇವರ್ (ವಿನಾಯಿತಿ ಪತ್ರ) ಕೇಳಿ ಬರುವ ಪಾಲಕರ ಜೊತೆ ಹೇಗೆ ಮಾತಾಡಬೇಕು? ವಾದಕ್ಕಿಳಿದರೆ ಕೆಡುತ್ತದೆ, ಸುಮ್ಮನಿದ್ದರೆ ಕೆಲಸ ಮಾಡಿದ ಹಾಗಾಗುವುದಿಲ್ಲ.
– ಮಿಶಿಗನ್

ಉತ್ತರ: ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ, ಅದು ಮನಸ್ಸಿನಲ್ಲಿದ್ದರೆ ಅರ್ಧ ಭಾರ ಇಳಿಯುತ್ತದೆ. ಮಿಶಿಗನ್ನಿನಲ್ಲಿ 2015ರ ಜನವರಿಯಿಂದ, ವೈದ್ಯಕೀಯವಲ್ಲದ ಕಾರಣಕ್ಕೆ ವೇವರ್ ಬೇಕಾದ ಪಾಲಕರು ಕೌಂಟಿ (ಜಿಲ್ಲಾ) ಆರೋಗ್ಯ ಇಲಾಖೆಯಲ್ಲಿ ಸಮಯ ಗೊತ್ತುಮಾಡಿಕೊಂಡು, ಅಲ್ಲಿಯ ನರ್ಸ್ ಜೊತೆ ಕೂತು ಮಾತಾಡಿ, ರಾಜ್ಯದ ನಮೂನೆಯಲ್ಲೇ ಮುದ್ರೆ ಹಾಕಿಸಿ ತರಬೇಕು. ಆ ನಿಯಮ ಬಂದ ಮೊದಲ ವರ್ಷವೇ ವೇವರ್‌ಗಳು ಇಳಿದವು. ಅಲ್ಲಿಯವರೆಗೆ ಎಷ್ಟೋ ಜನ ಲಸಿಕೆಯನ್ನು ವಿರೋಧಿಸಿ ಸಹಿ ಹಾಕುತ್ತಿರಲಿಲ್ಲ, ದಾಖಲೆ ಹುಡುಕುವ ರಗಳೆ ಬೇಡವೆಂದು ಹಾಕುತ್ತಿದ್ದರು. ಈಗಲೂ ಕೆಡುವುದು ಅಲ್ಲೇ: ಆಫೀಸಿನ ಗುಮಾಸ್ತರು ಗಡುವಿನ ದಿನ "ದಾಖಲೆ ಇಲ್ಲವಾ? ವೇವರ್ ತನ್ನಿ" ಎಂದುಬಿಡುತ್ತಾರೆ. ಮೊದಲು ಆ ಮಾತನ್ನು ನಿಲ್ಲಿಸಿ. ರಾಜ್ಯದ ಲಸಿಕೆ ದಾಖಲೆ ಜಾಲದಲ್ಲಿ ಮಗುವಿನ ಹೆಸರು ಹುಡುಕಿದ ಮೇಲೆಯೇ ವೇವರ್ ವಿಷಯ ಬರಲಿ.

ಪಾಲಕರು ಎದುರು ಕೂತಾಗ ಮೊದಲ ಪ್ರಶ್ನೆ "ಯಾಕೆ ಬೇಡ?" ಆಗದಿರಲಿ, ಅದಕ್ಕೆ ಜನ ಬೇಲಿ ಹಾಕಿಕೊಳ್ಳುತ್ತಾರೆ. "ಯಾವ ಲಸಿಕೆಯ ಬಗ್ಗೆ ಯೋಚನೆ?" ಎಂದು ಕೇಳಿ. ಉತ್ತರ ಹೆಚ್ಚಿನ ಸಲ ಒಂದೇ ಲಸಿಕೆ ಅಥವಾ ಒಂದೇ ಘಟನೆಗೆ ಬಂದು ನಿಲ್ಲುತ್ತದೆ. ಮೊಟ್ಟೆ ಅಲರ್ಜಿ ಎಂದರೆ, ಎಂಎಂಆರ್‌ಗೆ ಅದು ಅಡ್ಡಿಯಲ್ಲ. ನೆಗಡಿ, ಸಣ್ಣ ಜ್ವರ ಕೂಡ ಅಡ್ಡಿಯಲ್ಲ. ಹಿಂದಿನ ಡೋಸ್‌ಗೆ ಉಸಿರುಕಟ್ಟುವಷ್ಟು ಅಲರ್ಜಿ ಆಗಿತ್ತೇ? ನಿಯೊಮೈಸಿನ್ ಎಂಬ ಆಂಟಿಬಯೋಟಿಕ್ ಅಥವಾ ಜಿಲೆಟಿನ್‌ಗೆ ಅಂಥ ಅಲರ್ಜಿ ಇದೆಯೇ? ಕೀಮೊಥೆರಪಿ ನಡೆಯುತ್ತಿದೆಯೇ? ಹೌದಾದರೆ ಅದು ವೈದ್ಯಕೀಯ ವಿನಾಯಿತಿ, ವೈದ್ಯರ ಸಹಿ ಸಾಕು, ಕೌಂಟಿಗೆ ಹೋಗಬೇಕಾಗಿಲ್ಲ. ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಎರಡು ವಾರ ಅಥವಾ ಹೆಚ್ಚು ಕಾಲ ತೆಗೆದುಕೊಂಡ ಮಗುವಿಗೆ ಔಷಧಿ ನಿಲ್ಲಿಸಿ ಕನಿಷ್ಠ ಒಂದು ತಿಂಗಳು ಕಾಯಬೇಕು. ಅದು ತಾತ್ಕಾಲಿಕ, ಮುಗಿಯುವ ದಿನವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ತಾರೀಖಿಲ್ಲದ ತಾತ್ಕಾಲಿಕ ವಿನಾಯಿತಿ ಹನ್ನೆರಡನೇ ಕ್ಲಾಸಿನವರೆಗೂ ಫೈಲ್‌ನಲ್ಲೇ ಉಳಿದುಬಿಡುತ್ತದೆ.

ಆಮೇಲೂ ಬೇಡ ಎಂದರೆ ಕೌಂಟಿಯ ಫೋನ್ ನಂಬರ್ ಕೊಡಿ. ಬೇಡವಾದ ಲಸಿಕೆಗೆ ಮಾತ್ರ ವೇವರ್ ತಂದು ಉಳಿದದ್ದನ್ನು ಹಾಕಿಸಬಹುದೆಂದು ಹೇಳಿ, ಇದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ದಡಾರ ಬಂದರೆ ಕೊನೆಯ ಸಂಪರ್ಕದಿಂದ 21 ದಿನ ಮಗು ಮನೆಯಲ್ಲಿರಬೇಕು ಎಂಬುದನ್ನು ಬೆದರಿಕೆಯ ದನಿಯಿಲ್ಲದೆ, ಕೆಲಸಕ್ಕೆ ರಜೆ ಹಾಕಬೇಕಾದವರು ಯಾರು ಎಂದು ಯೋಚಿಸಿಡಿ ಎಂಬ ಧಾಟಿಯಲ್ಲಿ ತಿಳಿಸಿ. ಹೊಸ ಕೇಸ್ ಬಂದರೆ ಆ 21 ದಿನ ಮತ್ತೆ ಒಂದರಿಂದ ಶುರುವಾಗಬಹುದು.

ಲಸಿಕೆ ಅಪೂರ್ಣವಾಗಿರುವ ಮಕ್ಕಳ ಪಟ್ಟಿಯನ್ನು ರೋಗವಾರು ಮಾಡಿ ತಿಂಗಳಿಗೊಮ್ಮೆ ತಿದ್ದಿ. ಸಂಪರ್ಕವಾದ 72 ಗಂಟೆಯೊಳಗೆ ಎಂಎಂಆರ್ ಹಾಕಿದರೆ ದಡಾರ ತಡೆಯುವ ಅವಕಾಶವಿದೆ. ಫೈಲ್ ತಿರುವಿಹಾಕುವುದರಲ್ಲೇ ಒಂದು ದಿನ ಹೋದರೆ ಉಳಿಯುವುದು ಎರಡೇ.

ಪ್ರಶ್ನೆ: ಮಗಳಿಗೆ ರಕ್ತದ ಕ್ಯಾನ್ಸರಿನ ಚಿಕಿತ್ಸೆ ನಡೆಯುತ್ತಿದೆ, ಶಾಲೆಗೆ ಹೋಗುತ್ತಾಳೆ. ಅವಳ ಕ್ಲಾಸಿನಲ್ಲಿ ಯಾರು ಲಸಿಕೆ ಹಾಕಿಸಿಲ್ಲ ಅಂತ ನರ್ಸ್ ಹೇಳಲು ಒಪ್ಪುತ್ತಿಲ್ಲ. ಬಲವಂತ ಮಾಡಬಹುದಾ?
– ಪ್ಲೇನೊ, ಟೆಕ್ಸಾಸ್

ಉತ್ತರ: ಇಲ್ಲ. ವಿದ್ಯಾರ್ಥಿಗಳ ದಾಖಲೆ ಕೇಂದ್ರ ಸರ್ಕಾರದ ಫರ್ಪಾ ಕಾಯಿದೆಯಡಿ ಗೋಪ್ಯ, ಹೆಸರು ಹೇಳಿದರೆ ನರ್ಸ್‌ರ ತಪ್ಪಾಗುತ್ತದೆ. ಶಾಲೆಯಲ್ಲಿ ಲಸಿಕೆ ಆದವರ ಒಟ್ಟು ಶೇಕಡಾವಾರು ಎಷ್ಟೆಂದು ಮಾತ್ರ ಕೇಳಿ. ದಡಾರಕ್ಕೆ 95ಕ್ಕಿಂತ ಕೆಳಗಿದ್ದರೆ ಎಚ್ಚರಿಕೆ ಬೇಕು. ನಿಮ್ಮ ರಾಜ್ಯದಲ್ಲಿ ನೋಟರಿ ಮಾಡಿಸಿದ ಅಫಿಡವಿಟ್ ಕೊಟ್ಟರೆ 'ಆತ್ಮಸಾಕ್ಷಿ'ಯ ವಿನಾಯಿತಿ ಎರಡು ವರ್ಷಕ್ಕೆ ಸಿಗುತ್ತದೆ, 2025ರ ಸೆಪ್ಟೆಂಬರಿನಿಂದ ಅದರ ನಮೂನೆಯನ್ನು ಮನೆಯಲ್ಲೇ ಇಳಿಸಿಕೊಳ್ಳಬಹುದು. ಅದೇ ವರ್ಷ ಪಶ್ಚಿಮ ಟೆಕ್ಸಾಸಿನಲ್ಲಿ ಹರಡಿದ ದಡಾರದಲ್ಲಿ 762 ಜನರಿಗೆ ರೋಗ ತಗುಲಿ ಶಾಲಾ ವಯಸ್ಸಿನ ಇಬ್ಬರು ಮಕ್ಕಳು ತೀರಿಕೊಂಡರು.

ನರ್ಸ್‌ರಿಂದ ಬರಹದಲ್ಲಿ ಪಡೆಯಬೇಕಾದ ಮಾತು ಬೇರೆ: ಶಾಲೆಯಲ್ಲಿ ದಡಾರ ಅಥವಾ ಸೀತಾಳೆ ಸಿಡುಬಿನ ಶಂಕೆ ಬಂದ ಕೂಡಲೇ, ಖಚಿತವಾಗುವವರೆಗೆ ಕಾಯದೆ, ನಿಮಗೆ ಫೋನ್ ಬರಬೇಕು. ದಡಾರದ ವೈರಸ್ ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆ ಉಳಿಯುತ್ತದೆ, ದದ್ದು ಏಳುವ ನಾಲ್ಕು ದಿನ ಮೊದಲೇ ಹರಡುತ್ತದೆ. ಅವಳಿಗೆ ಎಂಎಂಆರ್ ಕೊಡುವಂತಿಲ್ಲ. ಸಂಪರ್ಕವಾದ ಆರು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಔಷಧಿ) ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ, ಹಿಂದೆ ಲಸಿಕೆ ಆಗಿದ್ದರೂ ಸರಿ. ಕ್ಯಾನ್ಸರ್ ವೈದ್ಯರ ರಾತ್ರಿಯ ನಂಬರ್ ನರ್ಸ್ ಬಳಿ ಇರಲಿ. ಮನೆಯಲ್ಲಿ ಅಣ್ಣತಮ್ಮಂದಿರಿದ್ದರೆ ಅವರಿಗೆ ಎಂಎಂಆರ್ ಹಾಕಿಸಿ, ಅದರಿಂದ ಇವಳಿಗೆ ಸೋಂಕು ತಗಲುವುದಿಲ್ಲ.

ಪ್ರಶ್ನೆ: ನಮ್ಮ ಸರ್ಕಾರಿ ಶಾಲೆಯಲ್ಲಿ ಟಿಡಿ ಚುಚ್ಚುಮದ್ದಿನ ದಿನ ಕೆಲವು ಪೋಷಕರು ಮಕ್ಕಳನ್ನು ಕಳಿಸುವುದೇ ಇಲ್ಲ. ಇಲ್ಲೂ ವಿನಾಯಿತಿ ಪತ್ರ ಬರೆಸಿಕೊಳ್ಳಬೇಕೇ?
– ಶಿಕ್ಷಕಿ, ರಾಯಚೂರು

ಉತ್ತರ: ಬೇಡ. ಅಮೆರಿಕದಂತೆ ಲಸಿಕೆ ಇಲ್ಲದಿದ್ದರೆ ಶಾಲೆಗೆ ಸೇರಿಸುವುದಿಲ್ಲ ಎಂಬ ಕಾನೂನು ನಮ್ಮಲ್ಲಿಲ್ಲ, ಹಾಗಾಗಿ ವಿನಾಯಿತಿಯ ಮಾತೂ ಇಲ್ಲ. ಗಂಟಲಮಾರಿ ಮತ್ತು ಧನುರ್ವಾಯುವಿನ ಈ ಲಸಿಕೆ 10 ಮತ್ತು 16 ವರ್ಷಕ್ಕೆ. ಬಾರದ ಮಕ್ಕಳ ಹೆಸರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಟ್ಟರೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಮಾತಾಡುತ್ತಾರೆ.

ಪೋಷಕರು ಹೆದರುವುದು ಮಕ್ಕಳು ತಲೆಸುತ್ತಿ ಬಿದ್ದ ಸುದ್ದಿಗೆ. ಅದು ಹೆಚ್ಚಾಗಿ ಲಸಿಕೆಯ ದೋಷವಲ್ಲ, ಹಸಿದ ಹೊಟ್ಟೆ ಮತ್ತು ಭಯ. ಒಂದು ಮಗು ಬಿದ್ದರೆ ಸಾಲಿನಲ್ಲಿ ನಿಂತ ಇನ್ನೂ ನಾಲ್ವರು ಬೀಳುತ್ತಾರೆ. ಬಿಸಿಯೂಟ ಆದ ಮೇಲೆ ಹಾಕಿಸಿ, ಮಕ್ಕಳನ್ನು ಕೂರಿಸಿಯೇ ಚುಚ್ಚಲಿ, ಉಳಿದವರಿಗೆ ಕಾಣದ ಕೋಣೆಯಲ್ಲಿ. ಆಮೇಲೆ ಅರ್ಧ ಗಂಟೆ ಬೇರೆ ಕೋಣೆಯಲ್ಲಿ ಕೂರಿಸಿಡಿ. ಹಿಂದಿನ ದಿನವೇ ಮಕ್ಕಳ ಕೈಯಲ್ಲಿ ಚೀಟಿ ಕಳಿಸಿ: ತೋಳು ಒಂದೆರಡು ದಿನ ನೋಯಬಹುದು, ಸಣ್ಣ ಜ್ವರ ಬಂದರೆ ಪ್ಯಾರಾಸಿಟಮಾಲ್ ಸಾಕು, ಊತದ ಮೇಲೆ ಎಣ್ಣೆ ತಿಕ್ಕಬೇಡಿ.