ಮ್ಯಾನೇಜರ್ ಹೇಳುವ ಕಥೆ, ಡ್ರಮ್ಮರ್‌ಗೆ ಸಿಕ್ಕ ಸಂಭಾವನೆ

ನೀವು ಕೇಳಿರುವುದು ಎರಡು ಪ್ರಶ್ನೆ. ಹಳೇ ರಾಕ್ ಬ್ಯಾಂಡ್‌ಗಳ ಮ್ಯಾನೇಜರ್‌ಗಳು ಹೇಳುವ ಕಥೆಗಳನ್ನು ಎಷ್ಟು ನಂಬಬಹುದು? ದೊಡ್ಡ ಬ್ಯಾಂಡ್‌ಗಳ ರೆಕಾರ್ಡ್‌ನಲ್ಲಿ ಡ್ರಮ್ಸ್ ನುಡಿಸಿದ್ದು ಬೇರೆ ಯಾರೋ ಅಂತಾರಲ್ಲ, ಅದು ನಿಜಾನಾ?

ಎರಡನೆಯದು ಸುಲಭ. ನಿಜ. ಎಲ್ಲ ಹಾಡುಗಳಿಗೂ ಅಲ್ಲ, ಆದರೆ ನೀವು ಊಹಿಸಿರದ ಕೆಲವು ಹಾಡುಗಳಿಗೆ ಪೂರ್ತಿ ನಿಜ. ಮೊದಲನೆಯದಕ್ಕೆ ನನ್ನ ಉತ್ತರ ಇಷ್ಟು: ಯಾರಿಗೆ ಎಷ್ಟು ದುಡ್ಡು ಹೋಯಿತು ಅನ್ನುವ ಭಾಗವನ್ನು ನಂಬಿ. ಯಾರು ಯಾರಿಗೆ ಏನು ಅಂದರು ಅನ್ನುವ ಭಾಗವನ್ನು ಕೇಳಿ ಖುಷಿಪಡಿ, ಅಷ್ಟು ಸಾಕು.

ಎಲ್ಲರಿಗೂ ಗೊತ್ತಿರುವ ಬೀಟಲ್ಸ್ ಕಥೆಯನ್ನೇ ತಗೊಳ್ಳಿ. 1962ರ ಜೂನ್ 6ರಂದು ಅವರು ಲಂಡನ್ನಿನ ಆಬಿ ರೋಡ್‌ನಲ್ಲಿದ್ದ ಇಎಂಐ ಸ್ಟುಡಿಯೋಗೆ ಮೊದಲ ಸಲ ಬಂದಾಗ ಡ್ರಮ್ಮರ್ ಪೀಟ್ ಬೆಸ್ಟ್. ರೆಕಾರ್ಡಿಂಗ್ ನಡೆಸುವ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್‌ಗೆ ಅವನ ಕೈ ಹಿಡಿಸಲಿಲ್ಲ. ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್‌ಗೆ ಹೇಳಿದ್ದು ಇಷ್ಟೇ: ವೇದಿಕೆ ಮೇಲೆ ಯಾರನ್ನಾದರೂ ಇಟ್ಟುಕೊಳ್ಳಿ, ರೆಕಾರ್ಡಿಂಗ್‌ಗೆ ಮಾತ್ರ ನಾನು ಹೊರಗಿನ ಡ್ರಮ್ಮರ್ ಕರೆಸುತ್ತೇನೆ. ಆಗಿನ ಲಂಡನ್ನಿನಲ್ಲಿ ಇದು ಮಾಮೂಲಿ ಏರ್ಪಾಡು. ಆದರೆ ಆಗಸ್ಟ್ 16ರಂದು ಎಪ್‌ಸ್ಟೀನ್ ಬೆಸ್ಟ್‌ನನ್ನು ಆಫೀಸಿಗೆ ಕರೆಸಿ, ನೀನಿನ್ನು ಬ್ಯಾಂಡಿನಲ್ಲಿ ಇಲ್ಲ ಅಂದುಬಿಟ್ಟರು. ಅಲ್ಲಿಂದ 'ಪ್ರೊಡ್ಯೂಸರ್ ಅವನನ್ನು ತೆಗೆಸಿದ' ಅನ್ನುವ ಕಥೆ ಶುರುವಾಯಿತು. ನಾನು ಹಾಗೆ ಕೇಳೇ ಇರಲಿಲ್ಲ ಅಂತ ಮಾರ್ಟಿನ್ ಆಮೇಲೆ ಎಷ್ಟೋ ಸಲ ಹೇಳಿದರು. ನನ್ನ ಪ್ರಕಾರ ಬ್ಯಾಂಡಿನ ಉಳಿದ ಮೂವರಿಗೆ ರಿಂಗೊ ಸ್ಟಾರ್ ಎಂಬ ಇನ್ನೊಬ್ಬ ಡ್ರಮ್ಮರ್ ಬೇಕಿತ್ತು, ಸ್ಟುಡಿಯೋದವರ ಮಾತು ಒಳ್ಳೆ ನೆಪವಾಯಿತು, ಮುಖ ಕೊಟ್ಟು ಹೇಳುವ ಕೆಲಸ ಮ್ಯಾನೇಜರ್ ತಲೆಗೆ ಬಂತು. ಮ್ಯಾನೇಜರ್ ಅಂದರೆ ಅರ್ಧ ಕೆಲಸ ಇದೇ ಅಲ್ವಾ?

ತಮಾಷೆ ಏನೆಂದರೆ ರಿಂಗೊ ಬಂದ ಮೇಲೂ ಹೊರಗಿನ ಡ್ರಮ್ಮರ್ ಬಂದೇ ಬಂದ. ಸೆಪ್ಟೆಂಬರ್ 4ಕ್ಕೆ ರಿಂಗೊ ಜೊತೆ 'ಲವ್ ಮಿ ಡೂ' ರೆಕಾರ್ಡ್ ಆಯಿತು, ಸ್ಟುಡಿಯೋದವರಿಗೆ ಸಮಾಧಾನ ಆಗಲಿಲ್ಲ. 11ಕ್ಕೆ ಮತ್ತೆ ಹೋದಾಗ ಆಂಡಿ ವೈಟ್ ಎಂಬ ಸ್ಕಾಟ್‌ಲೆಂಡಿನ ಡ್ರಮ್ಮರ್ ಬಂದು ಕೂತಿದ್ದ. ಮಾರ್ಟಿನ್ ಸಹಾಯಕ ರಾನ್ ರಿಚರ್ಡ್ಸ್ ಅವನನ್ನು ಕರೆಸಿದ್ದರು. ರಿಂಗೊ ಕೈಗೆ ಒಂದು ಹಾಡಿನಲ್ಲಿ ಟ್ಯಾಂಬೂರಿನ್ (ಬಿಲ್ಲೆ ಕಟ್ಟಿದ ಖಂಜಿರದಂಥ ವಾದ್ಯ) ಬಂತು, ಇನ್ನೊಂದರಲ್ಲಿ ಮರಾಕಸ್ (ಅಲುಗಾಡಿಸುವ ಗಿಲಕಿ). ಈಗಲೂ ಗುರುತು ಹಿಡಿಯಬಹುದು: 'ಲವ್ ಮಿ ಡೂ'ನಲ್ಲಿ ಟ್ಯಾಂಬೂರಿನ್ ಕೇಳಿಸಿದರೆ ಡ್ರಮ್ಸ್ ವೈಟ್‌ದು, ಕೇಳಿಸದಿದ್ದರೆ ರಿಂಗೊದು. ಇಂಗ್ಲೆಂಡಿನಲ್ಲಿ ಅಕ್ಟೋಬರಿನಲ್ಲಿ ಬಂದ ಮೊದಲ ಸಿಂಗಲ್‌ನಲ್ಲಿದ್ದದ್ದು ರಿಂಗೊ ನುಡಿಸಿದ್ದು. ಮುಂದಿನ ವರ್ಷದ ಆಲ್ಬಮ್‌ಗೆ ಹೋದದ್ದು ವೈಟ್ ನುಡಿಸಿದ್ದು. 1964ರಲ್ಲಿ ಅಮೆರಿಕದಲ್ಲಿ ಆ ಹಾಡು ನಂಬರ್ ಒನ್ ಆಯಿತಲ್ಲ, ಅದೂ ವೈಟ್‌ದೇ. ಅವನಿಗೆ ಸಿಕ್ಕದ್ದು ಆ ದಿನದ 5 ಪೌಂಡ್ ಚಿಲ್ಲರೆ. ರಾಯಲ್ಟಿ ಗೀಯಲ್ಟಿ ಏನೂ ಇಲ್ಲ.

ಹಾಗಾದರೆ ರಿಂಗೊಗೆ ಬರುತ್ತಿರಲಿಲ್ಲವಾ ಅಂತ ಕೇಳಬೇಡಿ. ಐದು ತಿಂಗಳ ನಂತರ, 1963ರ ಫೆಬ್ರವರಿ 11ರಂದು, ಅದೇ ಸ್ಟುಡಿಯೋದಲ್ಲಿ ಒಂದೇ ದಿನ 10 ಹಾಡು ರೆಕಾರ್ಡ್ ಆದವು. ಎಲ್ಲದಕ್ಕೂ ಡ್ರಮ್ಸ್ ರಿಂಗೊ.

ವಿಷಯ ಬೇರೆ. ಆಗ ಸ್ಟುಡಿಯೋ ಸೆಷನ್ ಅಂದರೆ ಮೂರು ಗಂಟೆ. ಆಬಿ ರೋಡ್‌ನಲ್ಲಿ ಮಧ್ಯಾಹ್ನ ಎರಡೂವರೆಯಿಂದ ಐದೂವರೆ, ರಾತ್ರಿ ಏಳರಿಂದ ಹತ್ತು, ಹೀಗೆ. ಇದ್ದದ್ದು ಎರಡೇ ಟ್ರ್ಯಾಕ್ ಟೇಪು, ಅಂದರೆ ಸದ್ದನ್ನು ಬೇರೆ ಬೇರೆ ಹಿಡಿದಿಡಲು ಎರಡೇ ಸಾಲು. ಎಲ್ಲರೂ ಒಟ್ಟಿಗೆ ನುಡಿಸಬೇಕು, ಡ್ರಮ್ಸ್ ಸದ್ದು ಎಲ್ಲ ಮೈಕಿಗೂ ನುಗ್ಗುತ್ತದೆ, ಆಮೇಲೆ ಡ್ರಮ್ಸ್ ಒಂದನ್ನೇ ತಿದ್ದುವ ಹಾಗಿಲ್ಲ. ಗಿಟಾರ್‌ನವನು ಒಂದು ಸ್ವರ ತಪ್ಪಿದರೆ ಮುಚ್ಚಿಹೋಗಬಹುದು, ಡ್ರಮ್ಮರ್ ಲಯ ಓಡಿದರೆ ಇಡೀ ಹಾಡು ಓಡುತ್ತದೆ. ನಾನು ಕೆಲವು ವರ್ಷ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ರಿದಂ ಪ್ಯಾಡ್ ನುಡಿಸಿದವನು. ಜನ ಶಿಳ್ಳೆ ಹೊಡೆದ ಕೂಡಲೇ ಕೈ ಜೋರಾಗುತ್ತದೆ, ಗಾಯಕನೂ ಜೊತೆಗೆ ಓಡುತ್ತಾನೆ, ಕುಣಿಯುವವರಿಗೆ ಅದೇ ಬೇಕು. ಮರುದಿನ ಯಾರೋ ಮೊಬೈಲಿನಲ್ಲಿ ಮಾಡಿದ ರೆಕಾರ್ಡಿಂಗ್ ಕೇಳಿದರೆ ಪಲ್ಲವಿ ಒಂದು ವೇಗ, ಕೊನೇ ಚರಣ ಇನ್ನೊಂದು ವೇಗ. ವೇದಿಕೆ ಕಲಿಸುವುದೇ ಬೇರೆ, ಸ್ಟುಡಿಯೋ ಕೇಳುವುದೇ ಬೇರೆ. ಸೆಷನ್ ಡ್ರಮ್ಮರ್, ಅಂದರೆ ಆ ಸೆಷನ್‌ಗೆ ಮಾತ್ರ ದುಡ್ಡು ಕೊಟ್ಟು ಕರೆಸುವ ಹೊರಗಿನ ಡ್ರಮ್ಮರ್, ಬರುವುದು ಹಾಡು ಗೊತ್ತಿಲ್ಲದೆ, ಒಂದು ಸಲ ಕೇಳಿ, ಎರಡನೇ ಮೂರನೇ ಟೇಕಿಗೆ ಮುಗಿಸಿ, ಕಿಟ್ ಮಡಚಿ, ಮುಂದಿನ ಸ್ಟುಡಿಯೋಗೆ ಹೋಗುವುದಕ್ಕೆ.

ಕಿಂಕ್ಸ್ ಬ್ಯಾಂಡಿನ 'ಯೂ ರಿಯಲಿ ಗಾಟ್ ಮಿ'ಯಲ್ಲೂ ಇದೇ ಆಯಿತು. 1964. ಡ್ರಮ್ಸ್ ಸೆಷನ್ ಡ್ರಮ್ಮರ್ ಬಾಬಿ ಗ್ರಹಾಂ, ಬ್ಯಾಂಡಿನ ಸ್ವಂತ ಡ್ರಮ್ಮರ್ ಮಿಕ್ ಏವರಿ ಕೈಗೆ ಟ್ಯಾಂಬೂರಿನ್. ಆ ಕಾಲದ ಡ್ರಮ್ಮರ್‌ಗಳಿಗೆ ಟ್ಯಾಂಬೂರಿನ್ ಕಂಡರೇ ಹೊಟ್ಟೆ ಉರಿಯುತ್ತಿದ್ದಿರಬೇಕು.

ಈಗ ಮ್ಯಾನೇಜರ್ ಕಥೆಗಳ ಕಡೆ ಬರೋಣ. 1964ರಲ್ಲೇ ಎಪ್‌ಸ್ಟೀನ್ ಹೆಸರಿನಲ್ಲಿ ಆತ್ಮಕಥೆ ಬಂತು. ಬರೆದುಕೊಟ್ಟವರು ಡೆರೆಕ್ ಟೇಲರ್ ಎಂಬ ಪತ್ರಕರ್ತರು. ಅಂದರೆ ಮ್ಯಾನೇಜರ್ ಕಥೆಯನ್ನೂ ನುಡಿಸಿದ್ದು ಹೊರಗಿನ ಕಲಾವಿದ! ಬ್ಯಾಂಡ್ ಉತ್ತುಂಗದಲ್ಲಿದ್ದಾಗ, ಇನ್ನೂ ಮಾರಬೇಕಾದ ಸರಕು ಬೇಕಾದಷ್ಟು ಇದ್ದಾಗ ಬಂದ ಪುಸ್ತಕ ಅದು. ಹಾಗೇ ಓದಬೇಕು.

ಇದೇ ಟೇಲರ್ ಮರುವರ್ಷ ಲಾಸ್ ಏಂಜಲಿಸ್‌ಗೆ ಹೋಗಿ ಬರ್ಡ್ಸ್ ಎಂಬ ಅಮೆರಿಕದ ಬ್ಯಾಂಡಿನ ಪ್ರಚಾರ ನೋಡಿಕೊಂಡರು. ಬರ್ಡ್ಸ್‌ನ ಮೊದಲ ಹಿಟ್ 'ಮಿಸ್ಟರ್ ಟ್ಯಾಂಬೂರಿನ್ ಮ್ಯಾನ್' 1965ರ ಜನವರಿಯಲ್ಲಿ ರೆಕಾರ್ಡ್ ಆದಾಗ ಬ್ಯಾಂಡಿನವರಲ್ಲಿ ವಾದ್ಯ ನುಡಿಸಿದ್ದು ರೋಜರ್ ಮೆಕ್‌ಗ್ವಿನ್ ಒಬ್ಬನೇ, ಅವನ 12 ತಂತಿಯ ಗಿಟಾರ್. ಡ್ರಮ್ಸ್ ಸೆಷನ್ ಡ್ರಮ್ಮರ್ ಹಾಲ್ ಬ್ಲೇನ್. ಬ್ಯಾಂಡಿನ ಡ್ರಮ್ಮರ್ ಮೈಕಲ್ ಕ್ಲಾರ್ಕ್‌ನನ್ನು ಸೇರಿಸಿಕೊಂಡದ್ದೇ ನೋಡೋಕೆ ಚೆನ್ನಾಗಿದ್ದಾನೆ ಅಂತ. ಕಿಟ್ ಇಲ್ಲದೆ ರಟ್ಟಿನ ಪೆಟ್ಟಿಗೆ ಮೇಲೆ ಅಭ್ಯಾಸ ಮಾಡುತ್ತಿದ್ದ ಪಾಪ. ಮೆಕ್‌ಗ್ವಿನ್ ಹೇಳುವ ಪ್ರಕಾರ ಸೆಷನ್‌ನವರ ಜೊತೆ ಮೂರು ಗಂಟೆಯಲ್ಲಿ ಎರಡು ಹಾಡು ಮುಗಿದವು, ಆಮೇಲೆ ಬ್ಯಾಂಡಿನವರೇ ಕೂತು 'ಟರ್ನ್! ಟರ್ನ್! ಟರ್ನ್!' ಮಾಡಿದಾಗ 77 ಟೇಕ್ ಬೇಕಾಯಿತು. ಲೆಕ್ಕ ಸ್ವಲ್ಪ ಉಪ್ಪುಖಾರ ಹಚ್ಚಿದ್ದಿರಬಹುದು, ಆದರೆ ಸ್ಟುಡಿಯೋ ಬಾಡಿಗೆ ಕಟ್ಟುವವರಿಗೆ ವ್ಯತ್ಯಾಸ ಅರ್ಥವಾಗುತ್ತದೆ.

ನನಗೆ ಜಾಸ್ತಿ ಕಾಡುವುದು ಜಿಮ್ಮಿ ನಿಕೋಲ್. 1964ರ ಜೂನ್ 3ರಂದು ಬೀಟಲ್ಸ್ ಪ್ರವಾಸಕ್ಕೆ ಮುನ್ನಾದಿನ ರಿಂಗೊ ಟಾನ್ಸಿಲ್ ಊತದಿಂದ ಬಿದ್ದ. ಬ್ಯಾಂಡಿನ ಗಿಟಾರಿಸ್ಟ್ ಜಾರ್ಜ್ ಹ್ಯಾರಿಸನ್, ರಿಂಗೊ ಇಲ್ಲದೆ ನಾನು ಬರೋದೇ ಇಲ್ಲ ಅಂದ. ಎಪ್‌ಸ್ಟೀನ್ ಮತ್ತು ಮಾರ್ಟಿನ್ ಸೇರಿ ಒಪ್ಪಿಸಿದರು. ಸೆಷನ್ ಡ್ರಮ್ಮರ್ ನಿಕೋಲ್‌ಗೆ ಮಾರ್ಟಿನ್ ಫೋನ್ ಮಾಡಿದರು. ಮಧ್ಯಾಹ್ನ ಒಂದಷ್ಟು ಹಾಡುಗಳ ರಿಹರ್ಸಲ್, ಮರುದಿನ ಕೋಪನ್‌ಹೇಗನ್‌ನಲ್ಲಿ ಕಾರ್ಯಕ್ರಮ. ಕೂದಲು ಬೀಟಲ್ಸ್ ಥರ, ಸೂಟು ರಿಂಗೊದು. ಆಮೇಲೆ ನೆದರ್ಲೆಂಡ್ಸ್, ಹಾಂಗ್‌ಕಾಂಗ್, ಅಡಿಲೇಡ್. ಮೆಲ್ಬರ್ನ್‌ನಲ್ಲಿ ರಿಂಗೊ ಬಂದು ಸೇರಿದ, ನಿಕೋಲ್ ಕೆಲಸ ಮುಗೀತು. ವಿಮಾನ ನಿಲ್ದಾಣದಲ್ಲಿ ಎಪ್‌ಸ್ಟೀನ್ ಅವನಿಗೆ 500 ಪೌಂಡ್ ಚೆಕ್ಕು, ಹೆಸರು ಕೆತ್ತಿಸಿದ ಚಿನ್ನದ ಗಡಿಯಾರ ಕೊಟ್ಟರು. ಮ್ಯಾನೇಜರ್ ಕಡೆಯಿಂದ ನೋಡಿದರೆ ಒಳ್ಳೆ ಲೆಕ್ಕ, ಒಳ್ಳೆ ನಡತೆ. ಆದರೆ ಆ ಹುಡುಗ ಮರುವರ್ಷ ದಿವಾಳಿ ಎದ್ದ. ಸೆಷನ್ ಡ್ರಮ್ಮರ್‌ಗೆ ಜನರ ಕಿರುಚಾಟ ಅಭ್ಯಾಸ ಇರುವುದಿಲ್ಲ. ಒಮ್ಮೆ ಅದರ ರುಚಿ ನೋಡಿದವನಿಗೆ ಮತ್ತೆ ಗಂಟೆ ಲೆಕ್ಕದ ಕೆಲಸಕ್ಕೆ ಮರಳುವುದು ಕಷ್ಟ ಅನ್ನಿಸುತ್ತದೆ.

ಇನ್ನು ಪೀಟರ್ ಗ್ರಾಂಟ್. ಲೆಡ್ ಝೆಪ್ಪೆಲಿನ್ ಎಂಬ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಮ್ಯಾನೇಜರ್, ಹಿಂದೆ ಕುಸ್ತಿ ಆಡಿದ್ದ ದೈತ್ಯ ಆಸಾಮಿ. ಟಿಕೆಟ್ ಹಣದಲ್ಲಿ ಶೇ. 90 ಬ್ಯಾಂಡಿಗೆ, 10 ಕಾರ್ಯಕ್ರಮ ನಡೆಸುವವರಿಗೆ ಅಂತ ಪಟ್ಟು ಹಿಡಿದವನು. ಅವನ ಬಗ್ಗೆ ಹೊಡೆದಾಟದ ಕಥೆಗಳೇ ಜಾಸ್ತಿ, ನನಗೆ ಮಾತ್ರ ಈ 90ರ ಕಥೆಯೇ ದೊಡ್ಡದು. ಡ್ರಮ್ಮರ್ ಜಾನ್ ಬಾನಂನನ್ನು ಬ್ಯಾಂಡಿಗೆ ಎಳೆಯೋಕೆ ಗ್ರಾಂಟ್ 40 ಟೆಲಿಗ್ರಾಂ ಕಳಿಸಿದ ಅಂತಾರೆ, ಗಾಯಕ ರಾಬರ್ಟ್ ಪ್ಲಾಂಟ್ 8. ಅಷ್ಟು ಅಚ್ಚುಕಟ್ಟಾದ ಲೆಕ್ಕ ಕಂಡಾಗ ನನಗೆ ಸ್ವಲ್ಪ ನಗು ಬರುತ್ತದೆ. ಅದಕ್ಕೂ ಮುಂಚೆ ಗ್ರಾಂಟ್ ಹೆಸರಾಂತ ಸೆಷನ್ ಡ್ರಮ್ಮರ್ ಕ್ಲೆಮ್ ಕ್ಯಾಟಿನಿಯನ್ನು ಊಟಕ್ಕೆ ಕರೆದಿದ್ದನಂತೆ. ಕ್ಯಾಟಿನಿಗೆ ಸೆಷನ್‌ಗಳ ಮಧ್ಯೆ ಪುರುಸೊತ್ತೇ ಸಿಗಲಿಲ್ಲ. ಈ ಬ್ಯಾಂಡಿಗೆ ಸೇರಿಸಿಕೊಳ್ಳೋಕೆ ಕರೆದಿದ್ದ ಅಂತ ತಿಳಿದದ್ದು ಆಮೇಲೆ. ಇದನ್ನು ಹೇಳುವುದು ಕ್ಯಾಟಿನಿಯೇ, ಹಾಗಾಗಿ ಇಲ್ಲೂ ಎಚ್ಚರ ಬೇಕು. ಬಾಬಿ ಗ್ರಹಾಂ ಕೂಡ, ಪೀಟ್ ಬೆಸ್ಟ್ ಜಾಗಕ್ಕೆ ಎಪ್‌ಸ್ಟೀನ್ ಮೊದಲು ನನ್ನನ್ನೇ ಕೇಳಿದ್ದರು ಅನ್ನುತ್ತಿದ್ದ. ಅಮೆರಿಕದ ಸೆಷನ್ ಡ್ರಮ್ಮರ್ ಬರ್ನಾರ್ಡ್ ಪರ್ಡಿ ಅಂತೂ ಬೀಟಲ್ಸ್ ಹಾಡುಗಳಿಗೆ ನಾನೇ ಡ್ರಮ್ಸ್ ಸೇರಿಸಿದ್ದೇನೆ ಅಂದ, ಅದಕ್ಕೆ ಪುರಾವೆ ಸಿಕ್ಕಿಲ್ಲ. ಸುಮ್ನೆ ಮ್ಯಾನೇಜರ್‌ಗಳನ್ನೇ ಬೈಯುವುದು ಬೇಡ.

ನಿಮಗೆ ಯಾವುದಾದರೂ ಒಂದು ಹಾಡಿನ ಬಗ್ಗೆ ಅನುಮಾನ ಇದ್ದರೆ ಸೆಷನ್ ದಾಖಲೆ ಹುಡುಕಿ. ಅಮೆರಿಕದ ರೆಕಾರ್ಡಿಂಗ್ ಆದರೆ ಜಾಸ್ತಿ ಸುಲಭ, ಅಲ್ಲಿ ಕಲಾವಿದರ ಯೂನಿಯನ್‌ಗೆ ಸಂಬಳದ ಕಾಗದ ಸಲ್ಲಿಸಬೇಕಿತ್ತು, ಅದರಲ್ಲಿ ನುಡಿಸಿದವರ ಹೆಸರು ಇರುತ್ತದೆ. ಹಾಡಿನ ಹೆಸರು ಇಲ್ಲೇ ಕೆಳಗೆ ಬರೆದರೆ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.